ಅಕ್ಕನ ಚಂದ್ರಕಾಳಿ

ನೂಲಿಗೆ ಬಣ್ಣ ಹಾಕುವ ನೀಲಿ ಬಾನಿಯ ವಾಸನೆಯಲ್ಲಿ ಹೊಗಳುವಂಥದ್ದು ಏನೂ ಇಲ್ಲ. ಹುಳಿ ಬಂದ ಅಂಬಲಿ, ಒದ್ದೆ ಸುಣ್ಣ, ದನದ ಕೊಟ್ಟಿಗೆ ಈ ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಹೇಗಿರುತ್ತದೋ ಹಾಗೆ. ಕಳೆದ ತಿಂಗಳು, ಹನ್ನೊಂದು ವರ್ಷಗಳ ಮೇಲೆ, ಅಕ್ಕಲಕೋಟದ ಆ ಓಣಿಗೆ ಕಾಲಿಟ್ಟಾಗ ತಿರುವಿನಲ್ಲೇ ಅದು ಮೂಗಿಗೆ ಬಡಿಯಿತು. ಯಾರದೋ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟೆ. ತೊಡೆಯ ಮೇಲಿದ್ದ ಚೀಲದಲ್ಲಿ ನನ್ನ ಅಕ್ಕ ಕಸ್ತೂರಿಯ ಸೀರೆಯಿತ್ತು. ಸೊಂಟದ ಹತ್ತಿರ ಬಣ್ಣ ಹೋಗಿರುವ ಸೀರೆ. ಅಷ್ಟು ಭಾಗವನ್ನು ಮತ್ತೊಮ್ಮೆ ಬಾನಿಯಲ್ಲಿ ಅದ್ದಿಸಿಕೊಂಡು ಬಾ ಎಂದು ಅಕ್ಕನ ಮಗಳು ಸವಿತಾ ನನ್ನನ್ನು ಕಳಿಸಿದ್ದಳು.

ನಾನು ಸೊಲ್ಲಾಪುರದಲ್ಲಿ ಸೀರೆ ಅಂಗಡಿ ಇಟ್ಟವನು. ಅಪ್ಪನ ಕಾಲದ ಅಂಗಡಿ. ಅಪ್ಪನ ಕಾಲದಲ್ಲಿ ಅದರಲ್ಲಿ ನೂಲಿನ ಸೀರೆಗಳಿದ್ದವು, ನನ್ನ ಕಾಲದಲ್ಲಿ ತೊಳೆದರೆ ಸುಕ್ಕಾಗದ, ಸುಟ್ಟರೆ ಕರಗುವ ಸೀರೆಗಳಿವೆ. ಗಿರಾಕಿ ಕೇಳಿದ್ದನ್ನು ಕೊಡುವುದು ವ್ಯಾಪಾರ. ಅದರ ಬಗ್ಗೆ ನನಗೆ ಯಾವತ್ತೂ ನಾಚಿಕೆ ಅನ್ನಿಸಿರಲಿಲ್ಲ, ಹನ್ನೊಂದು ವರ್ಷದ ಹಿಂದೆ ದಸರಾ ಮುಗಿದ ವಾರ ಅಕ್ಕನನ್ನು ನೋಡಲು ವಾಗದರಿಗೆ ಹೋಗುವ ತನಕ.

ಅಕ್ಕನನ್ನು ಕೊಟ್ಟದ್ದು ವಾಗದರಿಗೆ. ಭಾವನದು ಹೊಲ ಮನೆ ಚೆನ್ನಾಗಿರುವ ಕುಟುಂಬ. ಆ ಮಳೆಗಾಲದಲ್ಲಿ ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾಗಿತ್ತು. ಸೊಲ್ಲಾಪುರದ ದವಾಖಾನೆಯಲ್ಲಿ ಎರಡು ತಿಂಗಳು ಇಟ್ಟುಕೊಂಡು, ಇನ್ನು ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದು ತಿನ್ನಲು ಕೊಡಿ ಎಂದಿದ್ದರು. ಎಷ್ಟು ದಿನ ಎಂದು ಭಾವ ಕೇಳಿದಾಗ ಡಾಕ್ಟರು ಸಂಕ್ರಾಂತಿಯ ಹೆಸರು ಹೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೇಳಿಸಿತು, ಅರ್ಥವೂ ಆಯಿತು, ಆದರೆ ಒಳಗೆ ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿದರೆ ತುಟಿ ನಮ್ಮದಲ್ಲ ಅನ್ನಿಸುತ್ತದಲ್ಲ, ನಾನು ಆ ಚಳಿಗಾಲ ಪೂರ್ತಿ ಹಾಗೇ ಇದ್ದೆ.

ಅಂಗಳದ ಹೊರಸಿನ ಮೇಲೆ ಬಿಸಿಲಿಗೆ ಮಲಗಿದ್ದ ಅಕ್ಕ, ನಾನು ಕೂತ ಕೂಡಲೇ ಕೇಳಿದಳು: "ಚನ್ನೂ, ನಾ ಹ್ವಾದಾಗ ತವರ ಸೀರಿ ತರಾಂವ ನೀನಽ ಅಲ್ಲೇನು?"

ಮುತ್ತೈದೆಯಾಗಿ ಹೋದ ಹೆಣ್ಣುಮಗಳ ಮೈಮೇಲೆ ಕೊನೆಯ ಸೀರೆ ಹೊದಿಸುವುದು ನಮ್ಮಲ್ಲಿ ತವರಿನವರು. ಅಪ್ಪ ಅವ್ವ ಇಬ್ಬರೂ ಇಲ್ಲದ ಮೇಲೆ ಅದು ನನ್ನ ಪಾಲಿನ ಕೆಲಸ.

"ಹಂಗ್ಯಾಕ ಮಾತಾಡ್ತಿ ಅಕ್ಕಾ?" ಎಂದೆ.

"ಮತ್ತ ಹ್ಯಾಂಗ ಮಾತಾಡ್ಲಿ, ಮರಾಠ್ಯಾಗ ಮಾತಾಡ್ಲ್ಯಾ?" ಎಂದು ನಕ್ಕಳು. ಆಮೇಲೆ ನನ್ನ ಅಂಗಿಯ ತೋಳು ಹಿಡಿದು ಹೇಳಿದಳು: "ನಿನ್ನ ಅಂಗಡ್ಯಾಗಿಂದು ಮಾತ್ರ ತರಬ್ಯಾಡಪ. ಅದು ಪ್ಲಾಸ್ಟಿಕ್ಕು. ಮಣ್ಣಾಗ ನಾ ಕರಗಿ ಹೋಗಿರ್ತೀನಿ, ನಿನ್ನ ಸೀರಿ ಹಂಗಽ ಉಳದಿರ್ತದ."

ನಮ್ಮದು ಮಣ್ಣು ಮಾಡುವ ಪದ್ಧತಿ. ಸಾವಿರಾರು ಸೀರೆ ಮಾರಿದ ನನಗೆ ಈ ವಿಚಾರ ಒಮ್ಮೆಯೂ ಹೊಳೆದಿರಲಿಲ್ಲ.

"ಅವ್ವನ ಚಂದ್ರಕಾಳಿ ನೆನಪದ ಏನು? ಅಂಥಾದು ಬೇಕು. ನೀಲ್ಯಾಗ ಅದ್ದಿದ್ದು. ಮತ್ತ ನಾ ಕಣ್ಣಿಲೆ ನೋಡಬೇಕು. ಸತ್ತ ಮ್ಯಾಲ ತಂದ್ರ ಯಾರು ನೋಡಾವ್ರು?"

ನೆನಪಿಲ್ಲದೆ ಏನು? ಕಪ್ಪೋ ನೀಲಿಯೋ ಹೇಳಲಾಗದ ಒಡಲು, ಕೆಂಪು ಅಂಚು. ಚಿಕ್ಕಂದಿನಲ್ಲಿ ಅಕ್ಕ, ನಾನು ಅದರ ಸೆರಗು ಹೊದ್ದು ಮಲಗುತ್ತಿದ್ದೆವು. ಬೆಳಗ್ಗೆ ಎದ್ದರೆ ಅಕ್ಕನ ಕೆನ್ನೆ ನೀಲಿಯಾಗಿರುತ್ತಿತ್ತು. ಅವಳು ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ಮಲಗುವವಳು.

ಗಿಡದಿಂದ ತೆಗೆದ ನಿಜವಾದ ನೀಲಿಯಲ್ಲಿ ನೂಲು ಅದ್ದುವವರನ್ನು ಹುಡುಕಲು ದೀಪಾವಳಿಯ ತನಕ ಹಿಡಿಯಿತು. ಡಬ್ಬಿಯ ಬಣ್ಣದವರು ಸೊಲ್ಲಾಪುರದಲ್ಲಿ ಬೇಕಾದಷ್ಟು ಜನ. ಕೊನೆಗೆ ಅಕ್ಕಲಕೋಟದ ಈ ಓಣಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದ ಒಂದು ಮನೆ ಸಿಕ್ಕಿತು. ಗಂಡ ರಾಮಲಿಂಗಪ್ಪ ನೂಲಿಗೆ ಬಣ್ಣ ಹಾಕುವವರು, ಹೆಂಡತಿ ಸಂಗವ್ವ ಕುಣಿಮಗ್ಗದಲ್ಲಿ ನೇಯುವವರು. ಮೊಣಕೈ ತನಕ ರಾಮಲಿಂಗಪ್ಪನವರ ಕೈ ನೀಲಿ. ಉಗುರಂತೂ ಕಪ್ಪು. ಒಳಕೋಣೆಯ ನೆಲದಲ್ಲಿ ಕುತ್ತಿಗೆಯ ತನಕ ಹೂತ ಮೂರು ದೊಡ್ಡ ಬಾನಿಗಳು, ಬಾಯಿಗೆ ಗೋಣಿತಟ್ಟು.

ನಾನು ಚಪ್ಪಲಿ ಬಿಟ್ಟು ಹೊಸ್ತಿಲು ದಾಟುವ ಮೊದಲೇ ಅವರು ಕೈ ಅಡ್ಡ ಹಿಡಿದರು.

"ಮನ್ಯಾಗ ಸೂತಕ ಇಲ್ಲಲ್ರಿ?"

"ಇಲ್ರಿ."

"ಜಡ್ಡು ಜಾಪತ್ರಿ?"

"ಇಲ್ರಿ," ಎಂದೆ.

"ಕೇಳಿದ್ದಕ್ಕ ಬ್ಯಾಸರ ಮಾಡ್ಕೋಬ್ಯಾಡ್ರಿ. ಬಾನಿ ಮುಂದ ಸಾವಿನ ಮಾತು ಆಡಿದ್ರ ಆಕಿ ಮಕಾ ತಿರುವತಾಳ. ತಿಂಗಳಗಟ್ಟಲೆ ಉಣಿಸಿದ್ದು ಎಲ್ಲಾ ಹೊಲಸ ನೀರಾಗ್ತದ. ಯಾರಿಗ್ರಿ ಸೀರಿ?"

ಹೇಳಲು ಬಂದದ್ದೇ ಬೇರೆ, ಬಾಯಿಗೆ ಬಂದದ್ದೇ ಬೇರೆ. "ಸೊಸಿಗೆ. ಮೊದಲನೇ ಸಂಕ್ರಾಂತಿ."

ನಮ್ಮ ಕಡೆ ಕಪ್ಪು ಸೀರೆ ಶುಭಕ್ಕೆ ಬರುವುದು ಸಂಕ್ರಾಂತಿಗೆ, ಅದೂ ಹೊಸ ಸೊಸೆಯ ಮೈಮೇಲೆ. ಬೇರೆ ಸುಳ್ಳು ಹೊಂದುತ್ತಲೂ ಇರಲಿಲ್ಲ. ಆಗ ನನ್ನ ಮಗ ಎಂಟನೆಯ ಇಯತ್ತೆಯಲ್ಲಿದ್ದ ಅನ್ನುವುದನ್ನು ಬಿಟ್ಟರೆ ಸುಳ್ಳಿನಲ್ಲಿ ದೋಷವಿರಲಿಲ್ಲ.

"ಚಲೋ ಆತು. ಹೆಸರೇನ್ರಿ ಸೊಸೀದು?"

"ಕಸ್ತೂರಿ."

ಆ ಚಳಿಗಾಲದಲ್ಲಿ ನಾನು ಮಾಡಿದ ಕೆಲಸವೆಂದರೆ ಇಷ್ಟೇ. ಅಂಗಡಿಗೆ ರಜೆ ಇರುವ ದಿನ ಬೆಳಗಿನ ಎಸ್‌ಟಿ ಬಸ್ಸು ಹಿಡಿದು ಅಕ್ಕಲಕೋಟ, ಬಾನಿ ನೋಡಿಕೊಂಡು ಅಲ್ಲಿಂದ ವಾಗದರಿ, ಸಂಜೆ ವಾಪಸು. ಕಿಟಕಿಯ ಹೊರಗೆ ಬಿಳಿಜೋಳ ಮೊಣಕಾಲು ದಾಟಿ ಸೊಂಟಕ್ಕೆ ಬಂತು, ಸೊಂಟ ದಾಟಿ ತಲೆಗೆ ಬಂತು. ನೋಡುತ್ತಿದ್ದೆ, ನೋಡಿದ್ದು ಒಳಗೆ ಇಳಿಯುತ್ತಿರಲಿಲ್ಲ.

ಚಳಿಯಲ್ಲಿ ಬಾನಿ ಬೇಗ ಏಳುವುದಿಲ್ಲ. ನೀಲಿಯ ಗಟ್ಟಿ, ಸುಣ್ಣದ ತಿಳಿ, ಬೆಲ್ಲ, ಬೇಯಿಸಿದ ತಗಚಿ ಬೀಜ, ಇವನ್ನೆಲ್ಲ ಹೊತ್ತು ಹೊತ್ತಿಗೆ ಹಾಕಿ ಕಲಕುತ್ತಾ ಕೂಡಬೇಕು. ಸುತ್ತ ಬಿಸಿ ಸಗಣಿ, ಹೊಟ್ಟು ಒಟ್ಟಿ ಬೆಚ್ಚಗಿಡಬೇಕು. ಹದಿನೈದು ದಿನವಾದ ಮೇಲೆ ಒಂದು ಬೆಳಗ್ಗೆ ರಾಮಲಿಂಗಪ್ಪ ಗೋಣಿತಟ್ಟು ಸರಿಸಿ ನನ್ನನ್ನು ಕರೆದರು. ಮೇಲೆ ತಾಮ್ರದ ಬಣ್ಣದ ಬುರುಗು, ಒಳಗಿನ ನೀರು ಮಾತ್ರ ಹಳದಿ ಹಸಿರು. ಬೆರಳು ಅದ್ದಿ ನಾಲಿಗೆಗೆ ತಾಗಿಸಿಕೊಂಡು, "ಎದ್ದಾಳ," ಎಂದರು. ತೋಯಿಸಿ ಹಿಂಡಿದ ನೂಲಿನ ಲಡಿಯನ್ನು ಸದ್ದಿಲ್ಲದೆ ಇಳಿಸಿದರು. ಸ್ವಲ್ಪ ಹೊತ್ತಿಗೆ ಎತ್ತಿದಾಗ ಅದು ಹಸಿ ಹುಲ್ಲಿನ ಬಣ್ಣವಿತ್ತು. ಗಾಳಿ ತಾಗಿದಂತೆ ನೋಡನೋಡುತ್ತಾ ನೀಲಿಯಾಯಿತು. ಇಂಥದ್ದನ್ನು ಕಂಡು ಯಾರಿಗಾದರೂ ಮೈ ಜುಮ್ಮೆನ್ನಬೇಕು. ನಾನು ಬಸ್ಸಿನ ಹೊತ್ತಾಯಿತೇ ಎಂದು ಗಡಿಯಾರ ನೋಡಿಕೊಂಡೆ.

ಅದ್ದುವುದು, ಹಿಂಡುವುದು, ಗಾಳಿಗೆ ಹಿಡಿಯುವುದು, ಮತ್ತೆ ಅದ್ದುವುದು. ಚಂದ್ರಕಾಳಿಯ ಕಪ್ಪು ಬರಲು ಹನ್ನೆರಡು ಅದ್ದು ಬೇಕಂತೆ. ಪ್ರತಿ ಸಲ ಹೋದಾಗಲೂ ರಾಮಲಿಂಗಪ್ಪ ತಪ್ಪದೆ ಕೇಳುವವರು, "ಕಸ್ತೂರಿ ಹ್ಯಾಂಗದಾಳ್ರಿ?"

ಒಮ್ಮೆ ಹೇಳಿದೆ: "ಊಟ ಸರಿಯಾಗಿ ಮಾಡವಲ್ಲಳ್ರಿ."

ಮಗ್ಗದ ಕುಣಿಯೊಳಗಿಂದ ಸಂಗವ್ವ ತಲೆ ಎತ್ತಿದರು. "ಹೊಸಾದಾಗಿ ಬಂದ ಹುಡುಗಿ ಅಲ್ಲೇನ್ರಿ, ತವರ ನೆನಸ್ತಿರಬೇಕು. ಜ್ವಾಳದ ನುಚ್ಚು, ಮಜ್ಜಿಗಿ ಕೊಡ್ರಿ. ಸುಮ್ಮ ಸುಮ್ಮನ ಒತ್ತಾಯ ಮಾಡಬ್ಯಾಡ್ರಿ. ಬಾಜೂಕ ಯಾರರೆ ಕುಂತ್ರ ತಾನಽ ಉಣ್ತಾಳ."

ವಾಗದರಿಗೆ ಹೋಗಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ. ಅವಳಿಗೆ ನಗು ಬಂದು, ನಗಲು ಆಗದೆ ಹೊಟ್ಟೆ ಹಿಡಿದುಕೊಂಡಳು. ಆ ದಿನ ಸವಿತಾ ನುಚ್ಚು ಮಾಡಿದಳು. ಅವಳಿಗೆ ಆಗ ಹದಿಮೂರು ವರ್ಷ. ನಾನು ಪಕ್ಕದಲ್ಲಿ ಕೂತೆ, ಅಕ್ಕ ಆರು ತುತ್ತು ಉಂಡಳು. "ಆ ಅವ್ವಗ ಹೇಳು, ಸೊಸಿ ನುಚ್ಚು ಉಂಡ್ಲಂತ," ಎಂದಳು. ಅಲ್ಲಿಂದ ಮುಂದೆ ನಾನು ಅಂಗಳಕ್ಕೆ ಕಾಲಿಟ್ಟರೆ ಸಾಕು, ತಲೆಯ ಮೇಲೆ ಸೆರಗು ಎಳೆದುಕೊಂಡು ದನಿ ಸಣ್ಣ ಮಾಡಿ ಕೇಳುತ್ತಿದ್ದಳು: "ಮಾವನೋರ, ನನ್ನ ಸೀರಿ ಎಷ್ಟ ದಿನಕ್ಕ ಬರ್ತದ್ರಿ?" ಭಾವ ನಗುತ್ತಿದ್ದರು, ಸವಿತಾ ನಗುತ್ತಿದ್ದಳು. ನಾನೂ ಬಾಯಿ ಅಗಲಿಸುತ್ತಿದ್ದೆ.

ನೂಲು ಹನ್ನೆರಡು ಅದ್ದು ಮುಗಿಸಿದಾಗ ರಾಮಲಿಂಗಪ್ಪ ಅದನ್ನು ನೆರಳಿನಲ್ಲಿ ಬಿದಿರಿನ ಗಳುವಿಗೆ ಹಾಕಿ, "ಇನ್ನ ಒಂದು ತಿಂಗಳು ಇದನ್ನ ಮುಟ್ಟಾಂಗಿಲ್ರಿ," ಎಂದರು. "ಬಣ್ಣ ಹಣ್ಣಾಗಬೇಕು. ಕಾಯಿ ಇದ್ದಾಗ ನೇಯ್ದು ಕೊಟ್ರ ಉಟ್ಟಾಕಿ ಮೈಗೆ ಹತ್ತತದ."

"ಸಂಕ್ರಾಂತಿಗೆ ಬೇಕಽಬೇಕ್ರಿ."

"ಸಂಕ್ರಾಂತಿ ವರ್ಷಾ ಬರ್ತದಲ್ರಿ."

"ಆಕಿಗೆ ಇದು ಒಂದಽ ಅದ," ಎಂದೆ. ಹೇಳಿದ ಮೇಲೆ ಬಾನಿಯ ಕಡೆ ನೋಡಿದೆ. ರಾಮಲಿಂಗಪ್ಪ ಬೇರೆ ಅರ್ಥ ಮಾಡಿಕೊಂಡರು. ಹೊಸ ಸೊಸೆಗೆ ಮೊದಲನೆಯ ಸಂಕ್ರಾಂತಿ ಎರಡು ಸಲ ಬರುವುದಿಲ್ಲವಲ್ಲ. ಹೆಂಡತಿಯ ಮುಖ ನೋಡಿ, ಗಳುವಿನಿಂದ ಲಡಿ ಇಳಿಸಿದರು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ನನ್ನ ಆತುರಕ್ಕೆ ಕಾರಣವಿತ್ತು, ಹೇಳುವಂತಿರಲಿಲ್ಲ.

ನಡುವೆ ಎಳ್ಳಮಾವಾಸ್ಯೆ ಬಂತು. ಅಕ್ಕ ತಾನೂ ಹೊಲಕ್ಕೆ ಬರುತ್ತೇನೆಂದು ಹಟ ಹಿಡಿದಳು. ಗಾದಿ ಹಾಸಿದ ಬಂಡಿಯಲ್ಲಿ ಮಲಗಿಸಿಕೊಂಡು ಹೋದೆವು. ಭಾವ ಭೂಮಿತಾಯಿಗೆಂದು ಚರಗದ ಅನ್ನ ಚೆಲ್ಲುತ್ತಾ ಜೋಳದೊಳಗೆ ಮರೆಯಾದರು. ಸಜ್ಜೆ ರೊಟ್ಟಿಯ ಅಂಚನ್ನು ಕಾಳು ಸೊಪ್ಪಿನ ಭಜ್ಜಿಯಲ್ಲಿ ಅದ್ದಿ ಅಕ್ಕನ ಬಾಯಿಗಿಟ್ಟೆ. ಬಹಳ ಹೊತ್ತು ಅಗಿದು, "ತೆನಿ ಕಟ್ಟಾಕತ್ತಾವ," ಎಂದಳು. ಸುಗ್ಗಿಯ ಮಾತು ಯಾರೂ ಎತ್ತಲಿಲ್ಲ.

ಸಂಕ್ರಾಂತಿಗೆ ಎರಡು ದಿನವಿದ್ದಾಗ ಸೀರೆ ಮಗ್ಗದಿಂದ ಇಳಿಯಿತು. ಸಂಗವ್ವ ಅದನ್ನು ಮಡಚಿ, ಮಡಿಕೆಯೊಳಗೆ ಚಿಟಿಕೆ ಅರಿಶಿನ, ನಾಲ್ಕು ಕುಸುರೆಳ್ಳು ಇಟ್ಟು ಕೊಟ್ಟರು. ರಾಮಲಿಂಗಪ್ಪ ಬಾಗಿಲ ತನಕ ಬಂದರು. "ಹುಡುಗಿ ಮೈಗೆ ನೀಲಿ ಹತ್ತಿದ್ರ ಬೈಬ್ಯಾಡ್ರಿ ಮತ್ತ. ತಪ್ಪು ಆಕಿದಲ್ಲ, ನಿಮ್ದು."

ನಾನು ಅಂದುಕೊಂಡದ್ದು, ಅಕ್ಕ ನೋಡುತ್ತಾಳೆ, ಮುಟ್ಟುತ್ತಾಳೆ, ಆಮೇಲೆ ಪೆಟ್ಟಿಗೆಯಲ್ಲಿಡುತ್ತಾರೆ ಎಂದು. ವಾಗದರಿಯಲ್ಲಿ ಕೈಗಿಟ್ಟರೆ ಅವಳು ಸೀರೆಯನ್ನು ಮುಖಕ್ಕೆ ಒತ್ತಿಕೊಂಡಳು. ಎಷ್ಟೋ ಹೊತ್ತು ತೆಗೆಯಲೇ ಇಲ್ಲ. ಆಮೇಲೆ, "ಸವಿತಾ, ಹಬ್ಬದ ದಿನ ಮುಂಜಾನೆ ನನ್ನ ಎಬ್ಬಸು. ನೀರು ಕಾಸು," ಎಂದಳು.

"ಅಕ್ಕಾ," ಎಂದೆ. "ಉಟ್ರ ಅದು ಆಮ್ಯಾಲ..."

"ಗೊತ್ತದ. ಉಟ್ಟ ಸೀರಿ ನಡ್ಯಾಂಗಿಲ್ಲ. ಸತ್ತಾಗ ಹೊಚ್ಚಿದ್ರ ನಂಗೇನು ಗೊತ್ತಾಗ್ತದೋ ಹುಚ್ಚಾ? ಆವಾಗ ಯಾವುದರೆ ನೂಲಿನ ಸೀರಿ ತಾ. ಪ್ಲಾಸ್ಟಿಕ್ ಬ್ಯಾಡ, ಅಷ್ಟಽ."

ಹಬ್ಬದ ದಿನ ಅಕ್ಕ ಚಂದ್ರಕಾಳಿ ಉಟ್ಟು ಗೋಡೆಗೆ ಒರಗಿ ಕೂತು ಓಣಿಯ ಹೆಂಗಸರಿಗೆಲ್ಲ ಎಳ್ಳು ಬೆಲ್ಲ ಕೊಟ್ಟಳು. ಭಾವನ ಸೋದರತ್ತೆ ನಾಗವ್ವ, ಆ ಮನೆಯ ಹಿರಿಯಳು, ಮುಖ ಸಿಂಡರಿಸಿದಳು: "ಜಡ್ಡಿನಾಕಿಗೆ ಕರಿ ಸೀರಿ ಯಾಕಬೇಕು?"

"ಮೊದಲನೇ ಸಂಕ್ರಾಂತಿರಿ," ಎಂದಳು ಅಕ್ಕ. "ಮಾವನೋರು ಕೊಟ್ಟಾರ."

ಅವಳು ಅದನ್ನು ಹತ್ತೊಂಬತ್ತು ದಿನ ಉಟ್ಟಳು. ಬದಲಿಸಲು ಹೋದರೆ ಒಪ್ಪುತ್ತಿರಲಿಲ್ಲ. ಜ್ವರದ ಬೆವರಿಗೆ ಬಣ್ಣ ಬಿಡುತ್ತಿತ್ತು. ಹಾಸಿಗೆ ನೀಲಿ, ದಿಂಬು ನೀಲಿ. ಚಿಕ್ಕಂದಿನಂತೆ ಕೆನ್ನೆಯೂ ನೀಲಿ, ಯಾಕೆಂದರೆ ಸೆರಗನ್ನು ಮತ್ತೆ ಬಾಯಲ್ಲಿ ಕಚ್ಚಿಕೊಳ್ಳಲು ಶುರು ಮಾಡಿದ್ದಳು. ನೋವಿಗೆ.

ಈಗ ಹೇಳಬೇಕಾದ ಮಾತು. ಆ ಹತ್ತೊಂಬತ್ತು ದಿನದಲ್ಲಿ ನಾನು ಒಂದು ನೂಲಿನ ಸೀರೆ ಕೊಂಡು ಇಟ್ಟುಕೊಳ್ಳಬಹುದಿತ್ತು. ನನ್ನದೇ ಪೇಟೆ, ನಾಲ್ಕು ಅಂಗಡಿ ಆಚೆ ಸಿಗುತ್ತಿತ್ತು. ಮರೆತೆ ಅಂದರೆ ಸುಳ್ಳು. ದಿನಾ ನೆನಪಾಗುತ್ತಿತ್ತು, ದಿನಾ ಕೈ ಏಳುತ್ತಿರಲಿಲ್ಲ. ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಹರವುತ್ತಿದ್ದೆ, ಮಡಚುತ್ತಿದ್ದೆ.

ಒಂದು ಬೆಳಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಭಾವನ ಫೋನು ಬಂತು. ಅಂಗಡಿಗೆ ಓಡಿಬಂದ ನನ್ನ ಹೆಂಡತಿ ಅಳುತ್ತಲೇ ಕೈಗೆ ಸಿಕ್ಕ ಒಂದು ಸೀರೆಯನ್ನು ಚೀಲಕ್ಕೆ ಹಾಕಿದಳು. ಯಾವುದೆಂದು ನಾನು ನೋಡಲಿಲ್ಲ.

ವಾಗದರಿಯಲ್ಲಿ ನಾಗವ್ವ ಕೈ ಚಾಚಿದಳು. "ತವರ ಸೀರಿ ಕೊಡಪ."

ಚೀಲದಿಂದ ತೆಗೆದೆ. ಪ್ಲಾಸ್ಟಿಕ್ಕಿನ ಕವರಿನಲ್ಲಿದ್ದ ಮೆರೂನು ಸೀರೆ, ಹೊಳೆಯುವ ಜರಿ. ನನ್ನ ಅಂಗಡಿಯಲ್ಲಿ ಆ ವರ್ಷ ಬಹಳ ಓಡಿದ ಮಾಲು. ತಾಸು ಹೊತ್ತು ತಡೆಯಿರಿ, ಅಕ್ಕಲಕೋಟದಿಂದ ನೂಲಿನದು ತರುತ್ತೇನೆ ಎಂದು ಹೇಳಬೇಕಿತ್ತು. ಅಕ್ಕನ ಮಾತು ಕಿವಿಯಲ್ಲೇ ಇತ್ತು. ಆದರೂ ಕೊಟ್ಟೆ.

ಹಿತ್ತಲಲ್ಲಿ ಹೆಂಗಸರು ಅಕ್ಕನಿಗೆ ನೀರು ಹಾಕುತ್ತಿದ್ದರು. ಅಡ್ಡ ಕಟ್ಟಿದ ಚಾದರಿನ ಆಚೆಯಿಂದ ನಾಗವ್ವನ ದನಿ ಬಂತು: "ಚನ್ನವೀರಾ, ಇದೆಂಥಾ ಬಣ್ಣಪ? ಸೊಂಟದ ಸುತ್ತ ಹತ್ಯಾದ. ಅರಿಶಿಣ ಹಚ್ಚಿ ತಿಕ್ಕಿದ್ರೂ ಹೋಗವಲ್ದು."

"ಇರ್ಲಿ ಬಿಡ್ರಿ," ಎಂದೆ.

ಅಷ್ಟೇ ನಾನು ಆ ದಿನ ಆಡಿದ ಮಾತು. ಮೆರೂನು ಸೀರೆ ಹೊದ್ದು ಅಕ್ಕ ಹೋದಳು. ಒಗೆಯುವವರಿಗೆ ಹಾಕಲೆಂದು ಮೂಲೆಯಲ್ಲಿ ಒಟ್ಟಿದ್ದ ಬಟ್ಟೆಗಳೊಳಗಿಂದ ಚಂದ್ರಕಾಳಿಯನ್ನು ಎಳೆದು ಚೀಲಕ್ಕೆ ತುರುಕಿಕೊಂಡೆ. ಯಾರೂ ಕೇಳಲಿಲ್ಲ. ನನಗೆ ಆ ದಿನವೂ ಅಳು ಬರಲಿಲ್ಲ, ದಿನಕರ್ಮದಂದೂ ಬರಲಿಲ್ಲ. ಗಟ್ಟಿ ಮನುಷ್ಯ ಎಂದು ನೆಂಟರು ಹೊಗಳಿದರು.

ಸೀರೆ ಹನ್ನೊಂದು ವರ್ಷ ಬೇವಿನ ಎಲೆಯ ನಡುವೆ ನನ್ನ ಅಂಗಡಿಯ ಮೇಲಿನ ಅಟ್ಟದಲ್ಲಿತ್ತು. ಈ ವೈಶಾಖದಲ್ಲಿ ಸವಿತಾಳ ಮದುವೆಯಾಯಿತು. ಸೊಲ್ಲಾಪುರದ ಮನೆತನವೇ. ಚಳಿ ಬಿದ್ದ ಮೇಲೆ ಒಂದು ದಿನ ಅಂಗಡಿಗೆ ಬಂದು ಹೇಳಿದಳು: "ಮಾಮಾ, ಅವ್ವನ ಸೀರಿ ನಿಮ್ಮ ಕಡೆ ಅದಲ್ರಿ? ಮೊದಲನೇ ಸಂಕ್ರಾಂತಿಗೆ ಅದನ್ನಽ ಉಡಬೇಕು ಅಂತ ಮಾಡೀನಿ. ಅತ್ತೀನೂ ಹೂಂ ಅಂದಾರ." ಅಟ್ಟದಿಂದ ಇಳಿಸಿ ಬಿಚ್ಚಿ ನೋಡಿದೆವು. ಒಡಲೆಲ್ಲ ಈಗ ಹಣ್ಣಾಗಿ ಕಾಡಿಗೆಯ ಬಣ್ಣಕ್ಕೆ ಬಂದಿತ್ತು. ಸೊಂಟಕ್ಕೆ ಸುತ್ತಿದ ಕಡೆ ಮಾತ್ರ ಒಂದು ಗೇಣು ಅಗಲ ಬೆಳ್ಳಗೆ, ಬಹಳ ಸಲ ಒಗೆದ ಬಟ್ಟೆಯಂತೆ. "ಇಷ್ಟು ಅದ್ದಿಸಿದ್ರ ಪರ್ಫೆಕ್ಟ್ ಆಗ್ತದ," ಎಂದಳು.

ಹಾಗೆ ನಾನು ಆ ಓಣಿಯ ಕಟ್ಟೆಯ ಮೇಲೆ ಕೂತಿದ್ದು. ಎದ್ದು ಹೋದೆ. ಸಂಗವ್ವ ತೀರಿಕೊಂಡಿದ್ದರು. ಮಗ್ಗದ ಕುಣಿಯ ಮೇಲೆ ಹಲಗೆ ಮುಚ್ಚಿತ್ತು. ಬಾನಿ ಒಂದೇ ಉಳಿದಿತ್ತು. ರಾಮಲಿಂಗಪ್ಪನವರಿಗೆ ಕಣ್ಣು ಮಂಜು. ಸೀರೆಯನ್ನು ಬೆರಳಿನಿಂದ ಸವರಿ ಗುರುತು ಹಿಡಿದರು.

"ಸೊಲ್ಲಾಪುರದ ಸಾವಕಾರ್ರು. ಕಾಯಿ ಇದ್ದಾಗ ಒಯ್ದಿದ್ರಿ. ಕಸ್ತೂರಿ ಹ್ಯಾಂಗದಾಳ್ರಿ?"

ಅವರ ಕೈ ಹಿಡಿದು ಹೊರಗಿನ ಕಟ್ಟೆಗೆ ಕರೆತಂದೆ, ಬಾನಿಗೆ ಕೇಳಿಸದಷ್ಟು ದೂರ. ಎಲ್ಲ ಹೇಳಿದೆ. ಸೊಸೆಯಲ್ಲ, ಅಕ್ಕ. ಸಂಕ್ರಾಂತಿಗಲ್ಲ, ಸಾವಿಗೆ. ಪ್ಲಾಸ್ಟಿಕ್ ಸೀರೆಯನ್ನೂ ಬಿಡಲಿಲ್ಲ. ಅವರು ಒಂದೇ ಮಾತು ಕೇಳಿದರು.

"ಉಟ್ಟಿದ್ಲೇನ್ರಿ?"

"ಉಟ್ಟಿದ್ಲು. ಸಂಕ್ರಾಂತಿ ದಿನಾನಽ ಉಟ್ಲು."

"ಹಂಗಿದ್ರ ಬಾನಿ ಮುಂದ ನೀವು ಸುಳ್ಳೇನು ಹೇಳಿಲ್ಲ ಬಿಡ್ರಿ," ಎಂದರು. ಆಮೇಲೆ ಬೆಳ್ಳಗಾದ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತಾ, "ಎರಡು ಸಲ ಅದ್ದಿದ್ರ ಕೂಡತದ. ಗೊತ್ತಽ ಆಗೂದಿಲ್ಲ. ಅದ್ದಲ್ಯಾ?" ಎಂದರು.

ನಾನು ಸೀರೆಯನ್ನು ಅವರ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮಡಚಿದೆ.

ಸಂಜೆ ಸವಿತಾ ಅಂಗಡಿಗೆ ಬಂದಳು. ಗಾದಿಯ ಮೇಲೆ ಸೀರೆ ಬಿಚ್ಚಿ, ಸೊಂಟದ ಜಾಗ ಹುಡುಕಿ, ನನ್ನ ಮುಖ ನೋಡಿದಳು.

"ಅದ್ದಿಸ್ಲೇ ಇಲ್ಲೇನ್ರಿ ಮಾಮಾ? ಇಷ್ಟು ಬಣ್ಣ ಹಂಗಽ ಹೋಗ್ಯಾದಲ್ರಿ."

"ಹೋಗಿಲ್ಲವ್ವಾ," ಎಂದೆ. "ಅಷ್ಟು ನಿಮ್ಮವ್ವ ಉಟಗೊಂಡು ಹೋಗ್ಯಾಳ."

ಅಂಗಡಿಯ ತುಂಬ ಗಿರಾಕಿಗಳಿದ್ದರು. ಅವರೆಲ್ಲರ ಮುಂದೆ, ಹನ್ನೊಂದು ವರ್ಷ ತಡವಾಗಿ, ನಾನು ಅತ್ತೆ.